ಅಮೆರಿಕದಲ್ಲಿ ಗಾಯದ ರಿಜಿಸ್ಟರ್: ರಜೆ ಎಣಿಸಬೇಡಿ, ಹೊಲಿಗೆ ನೋಡಿ

ತೋರಣಗಲ್ಲು, ಗಿಣಿಗೇರಿ ಕಡೆಯ ಫ್ಯಾಕ್ಟರಿಗಳಲ್ಲಿ ಪಳಗಿ, ಅಮೆರಿಕಕ್ಕೆ ಬಂದು ಪ್ಲಾಂಟಲ್ಲೋ ವೇರ್‌ಹೌಸಲ್ಲೋ ಸೂಪರ್‌ವೈಸರ್ ಆದವರಿಗೆ ಹೆಲ್ಮೆಟ್, ಶೂ ಬಗ್ಗೆ ಪಾಠ ಬೇಕಿಲ್ಲ. ನಮ್ಮವರು ಎಡವುವುದು ಗಾಯಗಳನ್ನು ಬರೆದಿಡುವ ರಿಜಿಸ್ಟರಿನಲ್ಲಿ. ಹೊಸಬರು ಒಬ್ಬರ ಹಿಂದೆ ಒಬ್ಬರು ಅದೇ ಗುಂಡಿಗೆ ಬೀಳೋದು ನೋಡಿ ಸಾಕಾಗಿದೆ.

ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳೋ ಇಲ್ಲಿಯ ಸರ್ಕಾರದ ಓಷಾ ಇಲಾಖೆಯ ಮೂರು ಫಾರ್ಮ್‌ಗಳು: ಫಾರ್ಮ್ 300ರಲ್ಲಿ ವರ್ಷದ ಪಟ್ಟಿ, 301ರಲ್ಲಿ ಒಂದೊಂದು ಘಟನೆಯ ವಿವರ, 300ಎಯಲ್ಲಿ ವರ್ಷದ ಒಟ್ಟು ಲೆಕ್ಕ. ವಿಷಯ ಗೊತ್ತಾದ 7 ದಿನದೊಳಗೆ ಬರೆಯಬೇಕು, 5 ವರ್ಷ ಜೋಪಾನ ಮಾಡಬೇಕು. ಇಷ್ಟು ಎಲ್ಲರೂ ಮಾಡ್ತಾರೆ.

ತಪ್ಪಾಗೋದು ಯಾವುದನ್ನು ಬರೆಯಬೇಕು ಅನ್ನೋದರಲ್ಲಿ. ಊರಲ್ಲಿ 1948ರ ಫ್ಯಾಕ್ಟರಿ ಕಾಯ್ದೆಯ ಪ್ರಕಾರ 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ ಇನ್‌ಸ್ಪೆಕ್ಟರಿಗೆ ನೋಟಿಸ್ ಹೋಗಬೇಕಿತ್ತು. ಅದೇ ಲೆಕ್ಕ ತಲೆಯಲ್ಲಿ ಕೂತಿರುತ್ತೆ. ಯಾರಿಗಾದರೂ ಪೆಟ್ಟಾದರೆ ಮೊದಲ ಪ್ರಶ್ನೆ, ‘ಎಷ್ಟು ದಿನ ರಜೆ?’ ರಜೆ ಇಲ್ಲ ಅಂದರೆ ಪುಸ್ತಕ ಮುಚ್ಚಿಬಿಡ್ತಾರೆ. ಇಲ್ಲಿ ರಜೆಯೊಂದೇ ಅಲ್ಲ, ಯಾವ ಚಿಕಿತ್ಸೆ ಸಿಕ್ಕಿತು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಅಂಗೈ ಕೊಯ್ದಿದೆ, ಅಂಟುಪಟ್ಟಿ ಹಾಕಿ ಕಳಿಸಿದರು, ಟಿಟಿ ಇಂಜೆಕ್ಷನ್ನೂ ಕೊಟ್ಟರು: ಅದು ಪ್ರಥಮ ಚಿಕಿತ್ಸೆ, ಬರೆಯಬೇಕಿಲ್ಲ. ಅದೇ ಗಾಯಕ್ಕೆ ಎರಡು ಹೊಲಿಗೆ ಹಾಕಿದರೆ, ಗಾಯದ ಅಂಟು ಹಚ್ಚಿದರೂ ಅಷ್ಟೆ, ಆ ಮನುಷ್ಯ ಒಂದು ಗಂಟೆಯಲ್ಲಿ ವಾಪಸ್ ಬಂದು ಕೆಲಸ ಮಾಡಿದರೂ ಬರೆಯಲೇಬೇಕು. ಡಾಕ್ಟರು 800 ಮಿಲಿಗ್ರಾಂ ಐಬುಪ್ರೊಫೆನ್ ಚೀಟಿ ಕೊಟ್ಟರೂ ಬರೆಯಬೇಕು, ಅವನು ಒಂದು ಮಾತ್ರೆಯನ್ನೂ ನುಂಗದೆ ಕಸದಬುಟ್ಟಿಗೆ ಹಾಕಿದ್ದರೂ ಸರಿ.

ಟೆಕ್ಸಾಸಿನ ಒಂದು ವೇರ್‌ಹೌಸಲ್ಲಿ ಸಿಂಧನೂರಿನ ಹುಡುಗನೊಬ್ಬ ಸೂಪರ್‌ವೈಸರ್ ಆಗಿದ್ದ. ಲೋಡರ್‌ನ ಕೈಗೆ ಬಾಕ್ಸ್ ಕಟರ್ ತಗುಲಿತು, ಹೊಲಿಗೆ ಬಿತ್ತು. ಪಾಪ, ಇವನೇ ಕ್ಲಿನಿಕ್ಕಿನ ಬಿಲ್ ಕಟ್ಟಿದ. ‘ಇನ್ಶೂರೆನ್ಸಿಗೇ ಹೋಗಿಲ್ಲ, ಮತ್ಯಾಕೆ ಬರೆಯೋದು ಅಣ್ಣಾ?’ ಅಂತ ನನ್ನನ್ನೇ ಕೇಳಿದ. ಬಿಲ್ ಯಾರು ಕಟ್ಟಿದರು ಅಂತ ಓಷಾ ಕೇಳೋದಿಲ್ಲ. ತಪಾಸಣೆ ಬಂದಾಗ ಕ್ಲಿನಿಕ್ಕಿನ ಚೀಟಿ ಇತ್ತು, ರಿಜಿಸ್ಟರಲ್ಲಿ ಸಾಲು ಇರಲಿಲ್ಲ. ದಂಡ ಬಿತ್ತು. 2025ರ ದರದಲ್ಲಿ ಇಂಥ ಒಂದು ತಪ್ಪಿಗೆ 16,550 ಡಾಲರ್‌ವರೆಗೂ ಹಾಕಬಹುದು. ಬರೆದರೆ ತಪ್ಪು ಒಪ್ಪಿಕೊಂಡ ಹಾಗೆ ಅನ್ನೋ ಭಯ ಬೇಡ, ಹಾಗೇನೂ ಆಗೋದಿಲ್ಲ ಅಂತ ನಿಯಮದಲ್ಲೇ ಇದೆ. ಇನ್ನು ‘ಹೊಲಿಗೆ ಬೇಡ, ಪಟ್ಟಿ ಹಾಕಿ’ ಅಂತ ಡಾಕ್ಟರಿಗೆ ಹೇಳೋ ಮೇಧಾವಿಗಳೂ ಇದ್ದಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ.

ಊರಿನ ಪದ್ಧತಿಯೋ ಇಲ್ಲಿಯದೋ, ಯಾವುದು ಮೇಲು ಅಂತ ಕೇಳಿದರೆ, ಚಿಕಿತ್ಸೆಯ ಖರ್ಚಿನ ವಿಷಯದಲ್ಲಿ ನಮ್ಮ ಇಎಸ್‌ಐಗೇ ನನ್ನ ಓಟು. ಕಾಗದದ ವಿಷಯದಲ್ಲಿ ಇಲ್ಲಿಯದೇ ಮೇಲು. ಬಳ್ಳಾರಿಯ ಜೀನ್ಸ್ ಹೊಲಿಯೋ ಶೆಡ್ಡುಗಳಲ್ಲಿ ಸೂಜಿ ಬೆರಳಿಗೆ ಹೊಕ್ಕರೆ ಚಿಂದಿ ಸುತ್ತಿಕೊಂಡು ಮತ್ತೆ ಪೆಡಲ್ ತುಳಿಯೋರನ್ನು ನೋಡಿದ್ದೇನೆ, ಅದು ಯಾವ ಪುಸ್ತಕಕ್ಕೂ ಏರಲ್ಲ. ಇಲ್ಲಿ 300ಎ ಹಾಳೆಯನ್ನು ಫೆಬ್ರವರಿ 1ರಿಂದ ಏಪ್ರಿಲ್ 30ರವರೆಗೆ ಕೆಲಸಗಾರರ ಕಣ್ಣಿಗೆ ಬೀಳುವಂತೆ ಅಂಟಿಸಬೇಕು. ಮೇಲಿನ ಅಧಿಕಾರಿಯ ಸಹಿ ಬೇಕು, ನಿಮ್ಮದು ಸಾಲದು.

ಇಡೀ ಕಂಪನಿಯಲ್ಲಿ, ಕಳೆದ ವರ್ಷ ಯಾವತ್ತೂ, 10ಕ್ಕಿಂತ ಜಾಸ್ತಿ ಜನ ಇರಲಿಲ್ಲ ಅಂದರೆ ಸಾಮಾನ್ಯವಾಗಿ ಈ ಪಟ್ಟಿ ಬೇಡ. ಆದರೆ ಸಾವಾದರೆ 8 ಗಂಟೆಯಲ್ಲಿ, ಆಸ್ಪತ್ರೆಗೆ ದಾಖಲಾದರೆ, ಅಂಗ ತುಂಡಾದರೆ, ಕಣ್ಣು ಹೋದರೆ 24 ಗಂಟೆಯಲ್ಲಿ ಅಂಥ ಸಣ್ಣ ಕಂಪನಿಯವರೂ ಓಷಾಗೆ ತಿಳಿಸಲೇಬೇಕು. ರಜೆ ಆದಾಗ ಪಟ್ಟಿಗೆ ದಿನ ಎಣಿಸೋವಾಗ ಪೆಟ್ಟಾದ ದಿನ ಬಿಡಿ, ಶನಿವಾರ ಭಾನುವಾರ ಸೇರಿಸಿ, 180ಕ್ಕೆ ನಿಲ್ಲಿಸಿ.