ಅಂಚಿನಲ್ಲಿ ಸೋರಿ ಹೋಗಲಿದ್ದ ಬಿಸಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಮನೆ. ಅಡುಗೆಮನೆ ಹಿಂದಕ್ಕೆ ದೊಡ್ಡದು ಮಾಡುವಾಗ ನೆಲದಡಿ ಬಿಸಿನೀರಿನ ಪೈಪ್ ಹಾಕಿಸಲು ಹೊರಟೆವು. ಪೈಪ್ ಹಾಸುವ ಹಿಂದಿನ ಸಂಜೆ ಸುಮ್ನೆ ಟಾರ್ಚ್ ಹಿಡಿದು ನೋಡಿದರೆ, ಬಿಸಿ ಕೆಳಕ್ಕೆ ಇಳಿಯದಂತೆ ಹಾಸಿದ್ದ 100 ಮಿ.ಮೀ. ಪಿಐಆರ್ (ಗಟ್ಟಿ ಫೋಮ್) ಬೋರ್ಡುಗಳ ನಡುವೆ ಬೆರಳು ತೂರುವಷ್ಟು ಸಂದು, ಗೋಡೆ ಪಕ್ಕದಲ್ಲಂತೂ ಏನೂ ಇಲ್ಲ! ಹಾಗೇ ಬಿಟ್ಟಿದ್ದರೆ ಬಿಸಿಯಾದ ಸ್ಕ್ರೀಡ್ (ಪೈಪ್ ಮೇಲೆ ಹಾಕುವ ಸಿಮೆಂಟ್ ಪದರ) ಗೋಡೆಗೆ ತಾಗಿ, ನಾವು ದುಡ್ಡು ಸುರಿದು ಕಾಯಿಸಿದ್ದರಲ್ಲಿ ಒಂದಷ್ಟು ಹಿತ್ತಲಿಗೇ ಹೋಗುತ್ತಿತ್ತು, ಅಲ್ವಾ?

ಕೆಲಸ ನಿಲ್ಲಿಸಿದೆ. ಸಂದಿಗೆ ಫೋಮ್ ತುಂಬಿ, ಉಬ್ಬಿದ್ದನ್ನು ಚಾಕುವಿನಲ್ಲಿ ಹೆರೆದು, ಫಾಯಿಲ್ ಟೇಪ್ ಅಂಟಿಸಿದೆವು. ಗೋಡೆಯುದ್ದಕ್ಕೂ ಬಿಸಿ ತಡೆಯುವ 25 ಮಿ.ಮೀ. ದಪ್ಪದ ಪಟ್ಟಿಯನ್ನು ಸ್ಕ್ರೀಡ್ ಮಟ್ಟದವರೆಗೆ ನಿಲ್ಲಿಸಿದೆವು. ಮೇಲೆ ಪಾಲಿಥೀನ್ ಹಾಳೆ, ಇಲ್ಲದಿದ್ದರೆ ಹಸಿ ಸಿಮೆಂಟ್ ಬೋರ್ಡಿನ ಮೇಲಿನ ಅಲ್ಯೂಮಿನಿಯಂ ಫಾಯಿಲನ್ನು ತಿಂದುಬಿಡುತ್ತದೆ.

ಎರಡು ದಿನ ಜಾಸ್ತಿ ಹಿಡಿಯಿತು. ಈಗ ಜನವರಿಯಲ್ಲೂ ಗೋಡೆ ಬದಿಗೆ ಬರಿಗಾಲಲ್ಲೇ ನಿಂತು ದೋಸೆ ಹುಯ್ಯುತ್ತೇನೆ.