ಹಳೆ ರೈಲ್ವೆ ಸೇತುವೆಯಲ್ಲಿ ಯಮುನೆಯ ಮಟ್ಟ ಲೆಕ್ಕಹಾಕುವ ಬಗೆ

ಕೇಂದ್ರ ಜಲ ಆಯೋಗದ ಪ್ರವಾಹ ಮುನ್ಸೂಚನೆ 1958ರಲ್ಲಿ ಶುರುವಾಗಿದ್ದು ದೆಹಲಿಯ ಈ ಸೇತುವೆಯಿಂದಲೇ.

ಮಳೆಗಾಲದಲ್ಲಿ ಗಂಟೆಗೊಮ್ಮೆ ಅಳತೆಪಟ್ಟಿ ಓದಿ. ಅಲೆಯ ಏರು, ಇಳಿವು ಎರಡನ್ನೂ ನೋಡಿ ಸರಾಸರಿ ಹಿಡಿಯಿರಿ. ಅದಕ್ಕೆ ಪಟ್ಟಿಯ ಸೊನ್ನೆ ಗುರುತು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆಯೋ ಅದನ್ನು ಕೂಡಿಸಿ. ಒಂದಕ್ಕಿಂತ ಹೆಚ್ಚು ಪಟ್ಟಿಗಳಿದ್ದಾಗ, ನೀರು ಮೇಲಿನ ಪಟ್ಟಿಗೆ ಏರಿದ ಮೇಲೂ ಕೆಳಗಿನದರ ಸೊನ್ನೆಯನ್ನೇ ಕೂಡಿಸಿದರೆ ಲೆಕ್ಕ ಕೆಟ್ಟಿತೆಂದೇ ಅರ್ಥ. 204.50 ಮೀಟರ್ ಎಚ್ಚರಿಕೆಯ ಮಟ್ಟ, 205.33 ಅಪಾಯದ್ದು.

ಮುಂದಿನ ಅಂದಾಜಿಗೆ, ಹರಿಯಾಣದಲ್ಲಿ ಯಮುನೆಗೆ ಅಡ್ಡ ಕಟ್ಟಿರುವ ಗೇಟುಗಳ ಕಟ್ಟೆಯಾದ ಹಥಿನಿಕುಂಡ್ ಬ್ಯಾರೇಜಿನ ಹೊರಹರಿವು ಬೇಕು. ಆ ನೀರು ದೆಹಲಿಗೆ ಬರಲು ಸುಮಾರು ಒಂದೂವರೆಯಿಂದ ಮೂರು ದಿನ. ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಲೆಕ್ಕ) ಒಂದನ್ನೇ ನಂಬಬೇಡಿ. 2019ರಲ್ಲಿ ಹೊರಹರಿವು 8 ಲಕ್ಷ ಕ್ಯೂಸೆಕ್ ಮೀರಿದರೂ ನದಿ 207 ಮೀಟರ್ ಮುಟ್ಟಲಿಲ್ಲ; 2023ರ ಜುಲೈಯಲ್ಲಿ ಅದರ ಅರ್ಧಕ್ಕೂ ಕಡಿಮೆ ನೀರು 208.66ಕ್ಕೆ ಏರಿತು. ಆಗ ಹೂಳಿನಿಂದಾಗಿ ಸೇತುವೆಯಿಂದ ಕೆಳಗೆ ದೆಹಲಿಯಲ್ಲೇ ಇರುವ ಐಟಿಒ ಬ್ಯಾರೇಜಿನ 32 ಗೇಟುಗಳಲ್ಲಿ ಐದು ತೆರೆಯದೆ ಕೂತಿದ್ದವು.