ಕರೆಂಟ್ ಹೋದರೆ ಈ ನೀರೆಲ್ಲ ಎಲ್ಲಿಗೆ? ಅಕ್ವೇರಿಯಂಗೆ ಸಂಪ್ ಕೂಡಿಸಿದ ನನ್ನ ಅನುಭವ

ಅಕ್ವೇರಿಯಂ ಸ್ಟ್ಯಾಂಡಿನ ಒಳಗೆ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ನೀರು ಪೈಪಿನಲ್ಲಿ ಅದಕ್ಕೆ ಇಳಿಯುತ್ತದೆ, ಸ್ಪಂಜು ಮತ್ತು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಬೆಳೆಯುವ ಬಯೋ ರಿಂಗ್‌ಗಳನ್ನು ಹಾದು ಪಂಪಿನಿಂದ ಮತ್ತೆ ಮೇಲೆ ಹತ್ತುತ್ತದೆ. ಸಂಪ್ ಅಂದರೆ ಇಷ್ಟೇ. ನೀರು ಆವಿಯಾದರೂ ಮೇಲಿನ ತೊಟ್ಟಿಯ ಮಟ್ಟ ಇಳಿಯುವುದಿಲ್ಲ, ಸಂಪಿನಲ್ಲಿ ಮಾತ್ರ ಇಳಿಯುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಬಳಸುವವರಿಗೆ ಗಾಜಿನ ಮೇಲೆ ಕಟ್ಟುವ ಬಿಳಿ ಪಟ್ಟೆ ಗೊತ್ತಲ್ವಾ? ಅದು ಎದುರಿಗೆ ಕಾಣದೆ ಕೆಳಗೇ ಉಳಿಯುತ್ತದೆ. ನನಗೆ ಅದೊಂದೇ ಸಾಕಿತ್ತು.

ಪೈಪ್ ಯಾವುದು, ಪಂಪ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ನಾನು ಶುರು ಮಾಡಿದ್ದು ಬೇರೆ ಎರಡು ಪ್ರಶ್ನೆಗಳಿಂದ. ಕರೆಂಟ್ ಹೋದರೆ ಎಷ್ಟು ನೀರು ಕೆಳಗೆ ಬರುತ್ತದೆ? ಇಳಿಯುವ ಪೈಪ್ ಕಟ್ಟಿಕೊಂಡರೆ ಪಂಪ್ ಎಷ್ಟು ನೀರನ್ನು ಮೇಲೆ ತುಂಬುತ್ತದೆ? ಇವೆರಡಕ್ಕೂ ಉತ್ತರ ಸಿಕ್ಕರೆ ಹಾಲ್ ಒದ್ದೆಯಾಗುವುದಿಲ್ಲ.

ನನ್ನ ತೊಟ್ಟಿ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅಂದರೆ ಪ್ರತಿ ಒಂದು ಸೆಂ.ಮೀ. ನೀರಿಗೆ 5.4 ಲೀಟರ್. ಪಂಪ್ ನಿಂತಾಗ ಮೇಲಿನ ಮಟ್ಟ 2 ಸೆಂ.ಮೀ. ಇಳಿಯುತ್ತದೆ ಅಂತ ಇಟ್ಟುಕೊಂಡೆ: ಸುಮಾರು 11 ಲೀಟರ್. ಓವರ್‌ಫ್ಲೋ ಬಾಕ್ಸು (ತೊಟ್ಟಿಯ ಮೇಲ್ಮಟ್ಟದ ನೀರು ಉಕ್ಕಿ ಬೀಳುವ, ಇಳಿಯುವ ಪೈಪುಗಳು ಶುರುವಾಗುವ ಸಣ್ಣ ಡಬ್ಬಿ), ಪೈಪುಗಳಲ್ಲಿ ಇರುವುದೂ ಸೇರಿ 14 ಲೀಟರ್. ಸಂಪ್ 75 ಉದ್ದ, 35 ಅಗಲ, 40 ಎತ್ತರ. ಈ 14 ಲೀಟರ್ ಅದರಲ್ಲಿ 5 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಏರುತ್ತದೆ. ನಾನು 10 ಸೆಂ.ಮೀ. ಖಾಲಿ ಬಿಟ್ಟೆ.

ಎರಡನೆಯ ಲೆಕ್ಕ ಇದಕ್ಕೆ ಉಲ್ಟಾ. ಪೈಪ್ ಕಟ್ಟಿಕೊಂಡರೆ ಪಂಪ್ ತನ್ನ ಕೋಣೆಯ ನೀರನ್ನಷ್ಟೇ ಎತ್ತಬಲ್ಲದು, ಬೇರೆ ಕೋಣೆಗಳ ನೀರನ್ನು ಅಡ್ಡಗಾಜುಗಳು ತಡೆಯುತ್ತವೆ. ಅದಕ್ಕೇ ಪಂಪಿನ ಕೋಣೆಯನ್ನು ಬೇಕಂತಲೇ ಚಿಕ್ಕದು ಮಾಡಿಸಿದೆ: 20 ಸೆಂ.ಮೀ. ಉದ್ದ, ಅದೇ 35 ಅಗಲ, 20 ಸೆಂ.ಮೀ. ನೀರು. ಹೆಚ್ಚೆಂದರೆ 14 ಲೀಟರ್. ಮೇಲಿನ ತೊಟ್ಟಿಯಲ್ಲಿ ಅಂಚಿನವರೆಗೆ 4 ಸೆಂ.ಮೀ. ಖಾಲಿ ಇದೆ, 21 ಲೀಟರ್ ಹಿಡಿಯುತ್ತದೆ. ಎಲ್ಲ ನೀರು ಮೇಲೆ ಹೋದರೂ ನೆಲಕ್ಕೆ ಒಂದು ಹನಿ ಬೀಳದು. ಪಂಪ್ ಒಣಗಿ ಓಡಿ ಸುಡಬಾರದಲ್ವಾ, ಅದಕ್ಕೆ ನೀರು ಇಳಿದರೆ ಪಂಪನ್ನು ತಾನೇ ಆರಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿದ್ದೇನೆ.

ಗಾಜಿಗೆ ತೂತು ಕೊರೆಯುವುದಕ್ಕೆ ಎಲ್ಲರಿಗೂ ಹೆದರಿಕೆ. ಟಫನ್ಡ್ ಗಾಜಾದರೆ ಕೊರೆಯಲೇಬಾರದು, ಪುಡಿಪುಡಿಯಾಗುತ್ತದೆ. ಮಾಮೂಲಿ ಗಾಜಾದರೆ ಡೈಮಂಡ್ ಹೋಲ್ ಸಾ, ಕಡಿಮೆ ಸ್ಪೀಡು, ನೀರು ಬಿಡುತ್ತಾ ಇರಬೇಕು. ಒತ್ತಬಾರದು, ಡ್ರಿಲ್ಲಿನ ಭಾರವೇ ಸಾಕು. ಗಾಜಿನ ಅಂಚಿನಿಂದ ಕನಿಷ್ಠ ತೂತಿನ ಅಗಲದಷ್ಟು ದೂರ ಬಿಡಿ. ಮೊದಲು ಟ್ಯಾಂಕ್ ನಿಪ್ಪಲ್ (ತೂತಿನಲ್ಲಿ ಕೂತು ಪೈಪನ್ನು ಗಾಜಿಗೆ ಸೋರದಂತೆ ಸೇರಿಸುವ ಫಿಟ್ಟಿಂಗ್) ಕೊಳ್ಳಿ, ಅದನ್ನು ಅಳೆದು ಆಮೇಲೆ ಬಿಟ್ ಕೊಳ್ಳಿ. ಒಂದಿಂಚಿನ ನಿಪ್ಪಲ್ ಅಂದರೆ ಒಳಗಿನ ಪೈಪಿನ ಅಳತೆ, ಹೊರಗಿನ ದಪ್ಪ ಕಂಪನಿಯಿಂದ ಕಂಪನಿಗೆ ಬೇರೆ. ನಾನು ತೂತುಗಳನ್ನು ತಳಕ್ಕೆ ಹಾಕದೆ ಹಿಂದಿನ ಗಾಜಿನ ಮೇಲ್ಭಾಗಕ್ಕೆ ಹಾಕಿದೆ. ನಿಪ್ಪಲ್ ಎಂದಾದರೂ ಸೋರಿದರೂ ಅಲ್ಲಿಯವರೆಗಿನ ನೀರು ಮಾತ್ರ ಹೋಗುತ್ತದೆ. ರಬ್ಬರ್ ವಾಷರ್ ನೀರಿನ ಕಡೆ, ನಟ್ಟು ಹೊರಗೆ. ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ.

ಎರಡು ಪೈಪ್ ಇಳಿಸುತ್ತೇನೆ ಅಂದಾಗ ನಮ್ಮ ಬೀದಿಯ ಪ್ಲಂಬರ್ ನಕ್ಕರು. "ಒಂದೇ ಸಾಕು ಬಿಡಿ ಸಾರ್, ಸುಮ್ನೆ ಖರ್ಚು." ಆದರೆ ಒಂದೇ ಪೈಪಿನಲ್ಲಿ ನೀರೂ ಗಾಳಿಯೂ ಒಟ್ಟಿಗೆ ಇಳಿದರೆ ಹಗಲೂ ರಾತ್ರಿ ಗುಳುಗುಳು. ಎರಡು ಪೈಪಿನ ಈ ಪದ್ಧತಿಗೆ ಹವ್ಯಾಸಿಗಳು ಹರ್ಬಿ ಅನ್ನುತ್ತಾರೆ. ಮೊದಲ ಪೈಪಿನಲ್ಲಿ ಗಾಳಿಯಿಲ್ಲದೆ ಪೂರ್ತಿ ನೀರೇ ಇಳಿಯುತ್ತದೆ, ಸೈಫನ್ ಆಗಿ. ಅದಕ್ಕೆ ಒಂದು ವಾಲ್ವ್ ಇರುತ್ತದೆ. ಎರಡನೆಯದು ಆಪತ್ಕಾಲಕ್ಕೆ. ಅದರ ಬಾಯಿ ಬಾಕ್ಸಿನೊಳಗೆ ಸ್ವಲ್ಪ ಎತ್ತರದಲ್ಲಿರಬೇಕು, ಅದಕ್ಕೆ ವಾಲ್ವ್ ಹಾಕಲೇಬಾರದು.

ವಾಲ್ವ್ ವಿಷಯದಲ್ಲಿ ಉಳಿತಾಯ ಬೇಡ. ಬಾಲ್ ವಾಲ್ವ್ ಅಗ್ಗ, ಆದರೆ ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ತುಂಬಾ ಬದಲಾಗುತ್ತದೆ. ಗೇಟ್ ವಾಲ್ವಿನಲ್ಲಿ ಸುತ್ತು ಸುತ್ತಾಗಿ ನಿಧಾನಕ್ಕೆ ಹೊಂದಿಸಬಹುದು. ಪ್ಲಾಸ್ಟಿಕ್ಕಿನದೇ ತನ್ನಿ. ಹಿತ್ತಾಳೆಯಲ್ಲಿ ತಾಮ್ರ ಇರುತ್ತದೆ, ಸಿಗಡಿ, ಬಸವನಹುಳುಗಳಿಗೆ ಅದು ವಿಷ.

ಪೈಪುಗಳೆಲ್ಲ ಒಂದಿಂಚಿನ ಯುಪಿವಿಸಿ. ಅಂಟು ಹಚ್ಚುವ ಮೊದಲು ಎಲ್ಲವನ್ನೂ ಒಣಗಲೇ ಜೋಡಿಸಿ, ಪ್ರತಿ ಜಾಯಿಂಟಿಗೂ ಮಾರ್ಕರ್‌ನಿಂದ ಗೆರೆ ಎಳೆದೆ. ಸಾಲ್ವೆಂಟ್ ಸಿಮೆಂಟ್ ಹಚ್ಚಿದ ಮೇಲೆ ಯೋಚಿಸಲು ಸಮಯ ಇರುವುದಿಲ್ಲ. ವಾಲ್ವಿನ ಹತ್ತಿರ ಒಂದು ಯೂನಿಯನ್ (ಕೈಯಲ್ಲೇ ಬಿಚ್ಚಿ ಜೋಡಿಸುವ ಜಾಯಿಂಟ್), ಪಂಪಿನ ಹತ್ತಿರ ಇನ್ನೊಂದು. ಇಲ್ಲದಿದ್ದರೆ ತೊಳೆಯಲು ಪೈಪ್ ಕತ್ತರಿಸಬೇಕು. ಸಿಲಿಕೋನ್ ಗಾಜಿಗೆ ಗಾಜು ಅಂಟಿಸಲು ಮಾತ್ರ, ಪಿವಿಸಿಗೆ ಅದು ನೆಚ್ಚುವಂಥ ಅಂಟಲ್ಲ. ಬಾತ್‌ರೂಮಿಗೆ ಮಾರುವ, ಬೂಷ್ಟು ತಡೆಯುವ ಸಿಲಿಕೋನ್ ಮೀನಿನ ತೊಟ್ಟಿಗೆ ಬೇಡವೇ ಬೇಡ.

ಮೇಲೆ ಹೋಗುವ ಪೈಪಿನ ಬಾಯಿ ನೀರಿನೊಳಗೆ ಮುಳುಗಿರುತ್ತದೆ. ಪಂಪ್ ನಿಂತ ಕೂಡಲೇ ಅದೂ ಸೈಫನ್ ಆಗಿ ತೊಟ್ಟಿಯನ್ನು ಕೆಳಗೆ ಎಳೆಯತೊಡಗುತ್ತದೆ. ಇದಕ್ಕೆ ಅಂಗಡಿಯಲ್ಲಿ ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ತೋರಿಸುತ್ತಾರೆ. ಲೋಳೆ ಕಟ್ಟಿ, ಪುಟ್ಟ ಬಸವನಹುಳು ಸಿಕ್ಕಿಕೊಂಡರೆ ಅದು ಮುಚ್ಚುವುದಿಲ್ಲ. ನಾನು ನಂಬಿದ್ದು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೆ ಹಾಕಿದ 3 ಮಿ.ಮೀ. ತೂತನ್ನು. ಮಟ್ಟ ಅಲ್ಲಿಗೆ ಇಳಿದಾಗ ಗಾಳಿ ಒಳಗೆ ಹೋಗಿ ಸೈಫನ್ ಮುರಿಯುತ್ತದೆ. ಪಾಚಿ ಅದನ್ನೂ ಮುಚ್ಚಬಹುದು, ಹಾಗಾಗಿ ಆಗಾಗ ಹಲ್ಲುಕಡ್ಡಿ ಆಡಿಸಬೇಕು.

ಪಂಪಿನ ಡಬ್ಬಿಯ ಮೇಲೆ ಗಂಟೆಗೆ 3000 ಲೀಟರ್ ಅಂತ ಇತ್ತು. ಅದು ಎತ್ತರವೇ ಇಲ್ಲದಾಗಿನ ಮಾತು. ಮೇಲಿನ ಪೈಪಿನ ಬಾಯಿಗೆ 10 ಲೀಟರಿನ ಬಕೆಟ್ ಹಿಡಿದಾಗ ತುಂಬಲು 25 ಸೆಕೆಂಡ್ ಹಿಡಿಯಿತು, ಅಂದರೆ ಗಂಟೆಗೆ 1440 ಲೀಟರ್. ತೊಟ್ಟಿಯ ನೀರು ಗಂಟೆಗೆ ಆರು ಸಲ ತಿರುಗಿದ ಹಾಗೆ, ಸಿಹಿನೀರಿನ ಮೀನುಗಳಿಗೆ ಧಾರಾಳ.

ಇನ್ನು ಚಾಲೂ ಮಾಡುವುದು. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ, ನಿಧಾನಕ್ಕೆ ವಾಲ್ವ್ ಮುಚ್ಚುತ್ತಾ ಬನ್ನಿ. ಬಾಕ್ಸಿನ ನೀರು ಏರಿ, ಎರಡನೆಯ ಪೈಪಿಗೆ ಸಣ್ಣ ಎಳೆಯಾಗಿ ಬೀಳುವಷ್ಟಕ್ಕೆ ನಿಲ್ಲಿಸಿ. ಮೊದಲ ಪೈಪಿನ ತುದಿ ಸಂಪಿನ ನೀರಲ್ಲಿ 2 ಸೆಂ.ಮೀ. ಮಾತ್ರ ಮುಳುಗಿರಲಿ. ಆಳಕ್ಕೆ ಇಳಿಸಿದರೆ ಪಂಪ್ ಮತ್ತೆ ಹತ್ತಿದಾಗ ಪೈಪಿನೊಳಗಿನ ಗಾಳಿ ಹೊರಗೆ ಹೋಗದೆ ಸೈಫನ್ ಹಿಡಿಯುವುದಿಲ್ಲ. ಎರಡನೆಯದರ ತುದಿಯನ್ನು ನೀರಿನ ಮೇಲೆ ಬಿಟ್ಟಿದ್ದೇನೆ, ಸದ್ದಾಗಲಿ ಅಂತಲೇ. ಮೊದಲ ಪೈಪಿನಲ್ಲಿ ಎಲೆ, ಹುಳು ಏನೇ ಸಿಕ್ಕಿದರೂ ಆ ಸದ್ದು ಜೋರಾಗುತ್ತದೆ, ಅಡುಗೆಮನೆಗೂ ಕೇಳಿಸುತ್ತದೆ.

ಮೀನು ಬಿಡುವ ಮೊದಲು ಸ್ವಿಚ್ ಆರಿಸಿ ಹಾಕಿ ನೋಡಿದೆ, ಮೊದಲ ಪೈಪಿನ ಬಾಯಿಗೆ ಕೈ ಅಡ್ಡ ಇಟ್ಟು ನೋಡಿದೆ. ಪಂಪ್ ನಿಂತಿದ್ದಾಗ ಸಂಪಿನಲ್ಲಿ ನೀರು ಎಲ್ಲಿಗೆ ಬಂದು ನಿಂತಿತೋ ಅಲ್ಲಿ ಕೆಂಪು ಮಾರ್ಕರ್‌ನಲ್ಲಿ ಒಂದು ಗೆರೆ, ಪಂಪ್ ಓಡುವಾಗಿನ ಮಟ್ಟಕ್ಕೆ ಹಸಿರು ಗೆರೆ. ನಾನು ಊರಿಗೆ ಹೋದಾಗ ನೀರು ಹಾಕುವವರಿಗೆ ಹೇಳುವುದು ಒಂದೇ: ಪಂಪ್ ಓಡುತ್ತಿರುವಾಗ ಹಸಿರಿನವರೆಗೆ ಮಾತ್ರ.